ಒಂದು ಪ್ರಾಂಪ್ಟಿಗೆ ಹದಿನೇಳು ಸೆಕೆಂಡು: ಬಳಕೆದಾರ ಮತ್ತು ಗುಂಪಿನ ಹೆಸರು ಹುಡುಕುವುದು ನಿಧಾನವಾದ ಒಂದು ಪ್ರಕರಣ

ದೂರು ಎರಡೇ ಸಾಲಿನದ್ದಾಗಿತ್ತು. ಬೆಳಿಗ್ಗೆ ಲಾಗಿನ್ ಆಗಿ ಟರ್ಮಿನಲ್ ತೆರೆದರೆ ಕಿಟಕಿ ತಕ್ಷಣ ಬರುತ್ತದೆ, ಆದರೆ ಪ್ರಾಂಪ್ಟ್, ಅಂದರೆ ಆದೇಶ ಬರೆಯಲು ಸಿದ್ಧ ಎಂಬ ಗುರುತು, ಬರಲು ಕಾಲು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಎರಡನೆಯ ಟರ್ಮಿನಲ್ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧವಾಗುತ್ತದೆ. ನಾನು ನನ್ನ ಯಂತ್ರದಲ್ಲಿ ನೋಡಿದೆ, ದೂರು ಕೊಟ್ಟವರ ಪಕ್ಕದ ಯಂತ್ರದಲ್ಲಿ ನನ್ನ ಖಾತೆಯಿಂದ ಲಾಗಿನ್ ಆಗಿಯೂ ನೋಡಿದೆ. ಎರಡೂ ಕಡೆ ಪ್ರಾಂಪ್ಟ್ ಥಟ್ಟನೆ ಬಂತು. ನನಗೆ ಹಾಗೇನೂ ಕಾಣುತ್ತಿಲ್ಲ ಎಂದು ಬರೆದು ದೂರನ್ನು ಮುಚ್ಚಿದೆ. ಆ ಉತ್ತರ ಏಕೆ ತಪ್ಪಾಗಿತ್ತು ಎಂಬುದು ತಿಳಿಯಲು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಅಂಥವೇ ಇನ್ನೂ ಹನ್ನೊಂದು ದೂರುಗಳು ಬಂದಿದ್ದವು.

ನಮ್ಮಲ್ಲಿ ಸುಮಾರು 140 ಉಬುಂಟು ಯಂತ್ರಗಳಿದ್ದವು. ಬಳಕೆದಾರರ ಖಾತೆ ಮತ್ತು ಗುಂಪುಗಳ ವಿವರವೆಲ್ಲ ಓಪನ್‌ಎಲ್‌ಡಿಎಪಿ ಡೈರೆಕ್ಟರಿಯಲ್ಲಿ, ಅಂದರೆ ಎಲ್ಲ ಯಂತ್ರಗಳೂ ಜಾಲದ ಮೂಲಕ ಓದುವ ಒಂದು ಕೇಂದ್ರ ದಾಖಲೆಪಟ್ಟಿಯಲ್ಲಿ, ಇತ್ತು. ಖಾತೆಗಳ ಸಂಖ್ಯೆ 6,200ರ ಆಸುಪಾಸು. ಪ್ರತಿ ಯಂತ್ರದಲ್ಲಿ ಆ ವಿವರವನ್ನು ತಂದುಕೊಡುವ ಎಸ್‌ಎಸ್‌ಎಸ್‌ಡಿ ಸೇವೆ ನಡೆಯುತ್ತಿತ್ತು, ಬಳಕೆದಾರರ ಸ್ವಂತ ಫೈಲುಗಳ ಫೋಲ್ಡರುಗಳಾದ ಹೋಮ್ ಡೈರೆಕ್ಟರಿಗಳು ಫೈಲುಗಳನ್ನು ಜಾಲದಲ್ಲಿ ಹಂಚುವ ಎನ್‌ಎಫ್‌ಎಸ್ ಮೂಲಕ ಒಂದು ಫೈಲ್ ಸರ್ವರಿನಿಂದ ಬರುತ್ತಿದ್ದವು. ಇದರಲ್ಲಿ ವಿಶೇಷವೇನೂ ಇಲ್ಲ. ಲಿನಕ್ಸ್ ಯಂತ್ರಗಳು ನೂರರ ಲೆಕ್ಕದಲ್ಲಿರುವ ಎಷ್ಟೋ ಕಡೆ ಇದೇ ಏರ್ಪಾಡು ಇರುತ್ತದೆ.

ಮುಂದಿನದು ಅರ್ಥವಾಗಬೇಕಾದರೆ ಹುಡುಕಾಟದ ದಾರಿಯನ್ನು ಒಮ್ಮೆ ನೋಡಿಕೊಳ್ಳಬೇಕು. ಲಿನಕ್ಸಿನ ತಿರುಳಾದ ಕರ್ನೆಲ್ಲಿಗೆ ಹೆಸರುಗಳು ಗೊತ್ತಿಲ್ಲ, ಸಂಖ್ಯೆಗಳಷ್ಟೇ ಗೊತ್ತು: ಬಳಕೆದಾರನಿಗೆ ಒಂದು ಯುಐಡಿ, ಗುಂಪಿಗೆ ಒಂದು ಜಿಐಡಿ. ಸಂಖ್ಯೆಗೆ ಹೆಸರು ಬೇಕಾದಾಗ, ಅಥವಾ ಹೆಸರಿಗೆ ಸಂಖ್ಯೆ ಬೇಕಾದಾಗ, ಪ್ರೋಗ್ರಾಮು ಗ್ಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ; ಆ ಲೈಬ್ರರಿ ಎಟ್ಸೆಟ್ರಾ ಡೈರೆಕ್ಟರಿಯಲ್ಲಿರುವ ಎನ್‌ಎಸ್‌ಸ್ವಿಚ್ ಫೈಲನ್ನು ಓದಿ, ಮೊದಲು ಸ್ಥಳೀಯ ಫೈಲುಗಳು, ಆಮೇಲೆ ಎಸ್‌ಎಸ್‌ಎಸ್‌ಡಿ ಎಂಬ ಕ್ರಮದಲ್ಲಿ ವಿಚಾರಿಸುತ್ತದೆ. ಎಸ್‌ಎಸ್‌ಎಸ್‌ಡಿಯಲ್ಲಿ ಮತ್ತೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಮೆಮೊರಿ ಕ್ಯಾಶ್, ಅಂದರೆ ಹಿಂದೆ ಸಿಕ್ಕ ಉತ್ತರಗಳನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವ ಜಾಗ. ಅದರ ಆಯುಸ್ಸು ಡಿಫಾಲ್ಟ್ ಆಗಿ 300 ಸೆಕೆಂಡು, ಮತ್ತು ಉತ್ತರ ಅಲ್ಲೇ ಸಿಕ್ಕರೆ ಸೇವೆಯ ಬಾಗಿಲನ್ನೇ ತಟ್ಟಬೇಕಾಗಿಲ್ಲ. ಎರಡನೆಯದು ಡಿಸ್ಕಿನ ಮೇಲಿನ ಕ್ಯಾಶ್. ಅದರ ಆಯುಸ್ಸು 5,400 ಸೆಕೆಂಡು, ಅಂದರೆ ಒಂದೂವರೆ ಗಂಟೆ. ಅಲ್ಲಿಯೂ ಇಲ್ಲದಿದ್ದರೆ ಅಥವಾ ಇದ್ದದ್ದು ಹಳಸಿದ್ದರೆ ಮಾತ್ರ ಪ್ರಶ್ನೆ ಜಾಲದ ಮೇಲೆ ಡೈರೆಕ್ಟರಿ ಸರ್ವರಿಗೆ ಹೋಗುತ್ತದೆ.

ಈ ಒಂದೂವರೆ ಗಂಟೆಯೇ ನಮಗೆ ಸಿಕ್ಕ ಮೊದಲ ಸುಳಿವು. ದೂರುಗಳ ಸಮಯವನ್ನು ಒಂದು ಹಾಳೆಯಲ್ಲಿ ಬರೆದುಕೊಂಡಾಗ ಅವು ಎರಡು ಹೊತ್ತಿನಲ್ಲಿ ಗುಂಪುಗೂಡಿದ್ದವು: ಬೆಳಿಗ್ಗೆ ಕೆಲಸ ಆರಂಭವಾಗುವಾಗ, ಮತ್ತು ಯಾರಾದರೂ ದೀರ್ಘ ಸಭೆ ಮುಗಿಸಿ ಯಂತ್ರದ ಬಳಿಗೆ ಮರಳಿದಾಗ. ನಡುವಿನ ಹೊತ್ತಿನಲ್ಲಿ ಯಾರೂ ಏನೂ ಹೇಳುತ್ತಿರಲಿಲ್ಲ. ಅದಕ್ಕೆ ಕಾರಣವಿದೆ. ಕ್ಯಾಶಿನ ದಾಖಲೆಯ ಆಯುಸ್ಸಿನಲ್ಲಿ ಅರ್ಧ ಕಳೆದ ಮೇಲೆ ಯಾರಾದರೂ ಅದನ್ನು ಕೇಳಿದರೆ, ಎಸ್‌ಎಸ್‌ಎಸ್‌ಡಿ ಇರುವ ಉತ್ತರವನ್ನು ತಕ್ಷಣ ಕೊಟ್ಟು ಹಿನ್ನೆಲೆಯಲ್ಲಿ ಹೊಸದನ್ನು ತರಿಸಿಕೊಳ್ಳುತ್ತದೆ. ಹೀಗಾಗಿ ಸದಾ ಬಳಕೆಯಲ್ಲಿರುವ ಯಂತ್ರದ ಕ್ಯಾಶ್ ಹಳಸುವುದೇ ಇಲ್ಲ. ಯಂತ್ರ ತೊಂಬತ್ತು ನಿಮಿಷ ಸುಮ್ಮನೆ ಕುಳಿತರೆ, ಆಮೇಲೆ ಮೊದಲು ಬಂದವರೇ ಇಡೀ ದಂಡ ತೆರಬೇಕು.

ಇಷ್ಟು ತಿಳಿದೊಡನೆ ನಾವು ಮಾಡಿದ್ದು ಅವಸರದ ಕೆಲಸ. ಡಿಸ್ಕ್ ಕ್ಯಾಶಿನ ಆಯುಸ್ಸನ್ನು ಇಪ್ಪತ್ತನಾಲ್ಕು ಗಂಟೆಗೆ ಏರಿಸಿದೆವು. ದೂರುಗಳು ಮೂರು ದಿನ ನಿಂತವು, ನಾಲ್ಕನೆಯ ದಿನ ಬೇರೆ ರೂಪದಲ್ಲಿ ಬಂದವು: ಒಂದು ಯೋಜನೆಯ ಗುಂಪಿನಿಂದ ಹಿಂದಿನ ದಿನವೇ ಹೆಸರು ತೆಗೆಯಲಾಗಿದ್ದ ಒಬ್ಬರಿಗೆ ಆ ಯೋಜನೆಯ ಫೈಲುಗಳು ಇನ್ನೂ ತೆರೆದುಕೊಳ್ಳುತ್ತಿದ್ದವು. ತಮ್ಮ ಯಂತ್ರದಲ್ಲಿ ಹೊಸದಾಗಿ ಲಾಗಿನ್ ಆದವರ ಗುಂಪಿನ ಪಟ್ಟಿಯನ್ನು ಎಸ್‌ಎಸ್‌ಎಸ್‌ಡಿ ಆಗಲೇ ಸರ್ವರಿನಿಂದ ತಾಜಾ ಮಾಡಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಫೈಲ್ ಸರ್ವರಿನಲ್ಲಿ. ಎನ್‌ಎಫ್‌ಎಸ್‌ನ ಸಾಮಾನ್ಯ ಆಥ್-ಸಿಸ್ ದೃಢೀಕರಣದಲ್ಲಿ ಒಂದು ಕೋರಿಕೆಯ ಜೊತೆಗೆ 16 ಹೆಚ್ಚುವರಿ ಗುಂಪುಗಳಷ್ಟೇ ಹೋಗಬಲ್ಲವು. ನಮ್ಮಲ್ಲಿ ಅನೇಕರು ಅದಕ್ಕಿಂತ ಹೆಚ್ಚು ಗುಂಪುಗಳಲ್ಲಿದ್ದುದರಿಂದ, ಗುಂಪುಗಳನ್ನು ಸರ್ವರೇ ಹುಡುಕಿಕೊಳ್ಳುವ ಮ್ಯಾನೇಜ್-ಜಿಐಡಿಎಸ್ ಆಯ್ಕೆಯನ್ನು ಹಿಂದೆಯೇ ಚಾಲೂ ಮಾಡಿದ್ದೆವು. ಫೈಲ್ ಸರ್ವರಿಗೆ ಯಾರೂ ಲಾಗಿನ್ ಆಗುವುದಿಲ್ಲ, ಹಾಗಾಗಿ ಅಲ್ಲಿಯ ಕ್ಯಾಶ್ ಇಡೀ ದಿನ ಹಳೆಯ ಪಟ್ಟಿಯನ್ನೇ ಹಿಡಿದು ಕುಳಿತಿತ್ತು. ಆ ಬದಲಾವಣೆಯನ್ನು ಅಂದೇ ಹಿಂತೆಗೆದುಕೊಂಡೆವು.

ಎರಡನೆಯ ಅವಸರ ಸಹೋದ್ಯೋಗಿಯೊಬ್ಬರದು. ಅವರು ಕೆಲವು ಯಂತ್ರಗಳಲ್ಲಿ ಇಂಥವೇ ಉತ್ತರಗಳನ್ನು ಕ್ಯಾಶಿನಲ್ಲಿಡುವ ಹಳೆಯ ಎನ್‌ಎಸ್‌ಸಿಡಿ ಸೇವೆಯನ್ನೂ ಚಾಲೂ ಮಾಡಿದರು. ಒಂದರ ಮೇಲೊಂದು ಎರಡು ಕ್ಯಾಶ್ ಬಂದವು, ಒಂದನ್ನು ಖಾಲಿ ಮಾಡಿದರೆ ಇನ್ನೊಂದು ಹಳೆಯದನ್ನೇ ಹೇಳುತ್ತಿತ್ತು, ಮತ್ತು ಆ ಯಂತ್ರಗಳಲ್ಲಿ ನಾವು ಮಾಡಿದ ಯಾವ ಅಳತೆಯನ್ನೂ ನಂಬುವಂತಿರಲಿಲ್ಲ. ಎಸ್‌ಎಸ್‌ಎಸ್‌ಡಿ ಇರುವಲ್ಲಿ ಬಳಕೆದಾರ ಮತ್ತು ಗುಂಪಿನ ಮಾಹಿತಿಯನ್ನು ಎನ್‌ಎಸ್‌ಸಿಡಿಗೂ ಒಪ್ಪಿಸಬಾರದು, ಅದನ್ನು ನಿಲ್ಲಿಸಿದೆವು.

ಯಂತ್ರಗಳ ಹೆಸರಿಗೆ ಜಾಲದ ವಿಳಾಸ ಹೇಳುವ ಡಿಎನ್‌ಎಸ್ ಮೇಲಿನ ಅನುಮಾನವನ್ನು ಬೇಗ ಬಿಟ್ಟುಬಿಡಬಹುದಾಗಿತ್ತು. ಗ್ಲಿಬ್‌ಸಿಯ ರಿಸಾಲ್ವರ್ ಒಂದು ನೇಮ್‌ಸರ್ವರಿನ ಉತ್ತರಕ್ಕೆ ಡಿಫಾಲ್ಟ್ ಆಗಿ 5 ಸೆಕೆಂಡು ಕಾಯುತ್ತದೆ, ಆದ್ದರಿಂದ ಸತ್ತ ನೇಮ್‌ಸರ್ವರಿನಿಂದಾಗುವ ವಿಳಂಬ ಸಾಮಾನ್ಯವಾಗಿ ಐದು, ಹತ್ತು ಎಂಬ ಅಚ್ಚುಕಟ್ಟಾದ ಅಂಕಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ವಿಳಂಬ ಒಮ್ಮೆ 16.4, ಒಮ್ಮೆ 17.9, ಇನ್ನೊಮ್ಮೆ 17.1 ಎಂದು ಅಲುಗಾಡುತ್ತಿತ್ತು. ಅದು ಯಾರನ್ನೋ ಕಾದು ಕುಳಿತ ವಿಳಂಬವಲ್ಲ, ಏನೋ ಕೆಲಸ ನಡೆಯುತ್ತಿರುವ ವಿಳಂಬ.

ಪ್ರಶ್ನೆಯನ್ನು ಬಿಡಿಸಿ ನೋಡಿದ್ದು

ಇಲ್ಲಿಯವರೆಗೆ ನಾವೆಲ್ಲರೂ ‘ಬಳಕೆದಾರನ ಹುಡುಕಾಟ ನಿಧಾನ’ ಎಂದೇ ಮಾತನಾಡುತ್ತಿದ್ದೆವು. ಆ ಮಾತೇ ದಾರಿ ತಪ್ಪಿಸಿತ್ತು. ಐಡಿ ಎಂಬ ಪುಟ್ಟ ಆದೇಶಕ್ಕೆ ಒಂದು ಹೆಸರು ಕೊಟ್ಟಾಗ ಅದು ಕೇಳುವುದು ಒಂದು ಪ್ರಶ್ನೆಯಲ್ಲ, ಮೂರು ಬಗೆಯ ಪ್ರಶ್ನೆಗಳು. ಈ ಹೆಸರಿನ ಯುಐಡಿ ಮತ್ತು ಮೂಲ ಜಿಐಡಿ ಯಾವುದು ಎಂಬುದು ಮೊದಲನೆಯದು. ಈ ವ್ಯಕ್ತಿ ಯಾವ ಯಾವ ಗುಂಪುಗಳಲ್ಲಿದ್ದಾರೆ, ಅವುಗಳ ಸಂಖ್ಯೆಗಳನ್ನು ಕೊಡು ಎಂಬುದು ಎರಡನೆಯದು. ಆ ಒಂದೊಂದು ಸಂಖ್ಯೆಗೂ ಹೆಸರೇನು ಎಂಬುದು ಮೂರನೆಯದು, ಮತ್ತು ಅದನ್ನು ಗುಂಪು ಎಷ್ಟಿದೆಯೋ ಅಷ್ಟು ಸಲ ಕೇಳಬೇಕು. ಇದೇ ಆದೇಶಕ್ಕೆ ಮೈನಸ್ ಯು ಸೇರಿಸಿದರೆ ಯುಐಡಿಯನ್ನಷ್ಟೇ ಹೇಳಿ ಮುಗಿಸುತ್ತದೆ, ದೊಡ್ಡಕ್ಷರದ ಮೈನಸ್ ಜಿ ಸೇರಿಸಿದರೆ ಗುಂಪುಗಳ ಸಂಖ್ಯೆಗಳನ್ನು ಮುದ್ರಿಸಿ ಹೆಸರು ಕೇಳುವ ಗೋಜಿಗೆ ಹೋಗುವುದಿಲ್ಲ. ಹೀಗೆ ಒಂದೇ ಆದೇಶವನ್ನು ಮೂರು ರೀತಿ ನಡೆಸಿದರೆ ಯಾವ ಪ್ರಶ್ನೆಗೆ ಹೊತ್ತು ಹೋಗುತ್ತಿದೆ ಎಂಬುದು ತಾನಾಗಿ ಹೊರಬೀಳುತ್ತದೆ.

ಅಳತೆಗೆ ಮುನ್ನ ಕ್ಯಾಶ್ ಹಳಸಿರಬೇಕು, ಮತ್ತು ಇಲ್ಲಿ ನಾನೊಂದು ತಪ್ಪು ಮಾಡಿದೆ. ಎಸ್‌ಎಸ್‌ಎಸ್ ಕ್ಯಾಶ್ ಎಂಬ ಆದೇಶಕ್ಕೆ ಒಬ್ಬ ಬಳಕೆದಾರನ ಹೆಸರು ಕೊಟ್ಟು ಅವರ ದಾಖಲೆಯನ್ನಷ್ಟೇ ಹಳಸಿಸಿ ಅಳೆದೆ. ಎಲ್ಲವೂ ಅರ್ಧ ಸೆಕೆಂಡಿನಲ್ಲಿ ಮುಗಿಯಿತು, ಒಂದು ದಿನವೆಲ್ಲ ತೊಂದರೆ ಡೈರೆಕ್ಟರಿಯಲ್ಲಿಲ್ಲ ಎಂದೇ ನಂಬಿದ್ದೆ. ಗುಂಪುಗಳ ದಾಖಲೆಗಳು ತಾಜಾ ಆಗಿಯೇ ಉಳಿದಿದ್ದವು ಎಂಬುದು ಹೊಳೆದದ್ದು ಮರುದಿನ. ದೊಡ್ಡಕ್ಷರದ ಇ ಆಯ್ಕೆಯಿಂದ ಎಲ್ಲವನ್ನೂ ಹಳಸಿಸಿ ಮತ್ತೆ ಅಳೆದಾಗ ಲೆಕ್ಕ ಹೀಗೆ ಬಂತು: ಯುಐಡಿಗೆ 0.03 ಸೆಕೆಂಡು, ಗುಂಪುಗಳ ಸಂಖ್ಯೆಗಳಿಗೆ 0.2 ಸೆಕೆಂಡು, ಹೆಸರುಗಳೂ ಸೇರಿದ ಪೂರ್ಣ ಉತ್ತರಕ್ಕೆ 17.2 ಸೆಕೆಂಡು. ಕ್ಯಾಶ್ ಫೈಲುಗಳನ್ನೇ ಅಳಿಸಿ ಅಳೆಯುವವರೂ ಇದ್ದಾರೆ. ಹಾಗೆ ಮಾಡಬಾರದು; ಸರ್ವರ್ ಸಿಗದ ಹೊತ್ತಿನಲ್ಲಿ ಲಾಗಿನ್ ಆಗಲು ಇಟ್ಟಿರುವ ಮಾಹಿತಿಯೂ ಅದರೊಂದಿಗೆ ಹೋಗುತ್ತದೆ. ಹಳಸಿಸುವುದು ಬೇರೆ, ಅಳಿಸುವುದು ಬೇರೆ.

ಬಳಕೆದಾರರ ಹುಡುಕಾಟ ನಿಧಾನವಾಗಿರಲೇ ಇಲ್ಲ. ಅವರ ಗುಂಪುಗಳನ್ನು ಪತ್ತೆ ಮಾಡುವುದೂ ನಿಧಾನವಾಗಿರಲಿಲ್ಲ. ಗುಂಪಿನ ಸಂಖ್ಯೆಗೆ ಹೆಸರು ಹೇಳುವುದು ಮಾತ್ರ ನಿಧಾನವಾಗಿತ್ತು, ಮೇಲ್ನೋಟಕ್ಕೆ ಮೂರರಲ್ಲಿ ಅದೇ ಅತ್ಯಂತ ಸುಲಭವಾದ ಪ್ರಶ್ನೆ.

ನಾವು ಪರೀಕ್ಷೆಗೆ ಆರಿಸಿಕೊಂಡ ಖಾತೆ 19 ಗುಂಪುಗಳಲ್ಲಿತ್ತು. ಪ್ರೋಗ್ರಾಮು ಕರ್ನೆಲ್ಲಿಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಚ್ಚಿ ನೋಡಿದಾಗ ಐಡಿ ಆದೇಶ ಎಸ್‌ಎಸ್‌ಎಸ್‌ಡಿಯ ಸಾಕೆಟ್ಟಿಗೆ ಒಂದೊಂದೇ ಜಿಐಡಿಯನ್ನು ಕೊಟ್ಟು ಉತ್ತರಕ್ಕೆ ಕಾಯುತ್ತಿದ್ದುದು ಸಾಲು ಸಾಲಾಗಿ ಕಾಣಿಸಿತು. ಮೊದಲ ಕೆಲವು ಸಾಲುಗಳು ಸರಸರನೆ ಹೋದವು. ಆಮೇಲೆ ಉತ್ತರಕ್ಕೆ ಕಾಯುವ ಒಂದು ಪೋಲ್ ಕರೆಯ ಮೇಲೆ ಪರದೆ ನಿಂತೇಬಿಟ್ಟಿತು. ಒಂದು ಗುಂಪಿನ ದಾಖಲೆಯನ್ನು ಕೇಳುವ ಗೆಟೆಂಟ್ ಗ್ರೂಪ್ ಆದೇಶಕ್ಕೆ ಅವೇ 19 ಸಂಖ್ಯೆಗಳನ್ನು ಒಂದಾದ ಮೇಲೊಂದು ಕೊಟ್ಟು ಸಮಯ ಬರೆದುಕೊಂಡೆ. ಹದಿನೇಳು ಗುಂಪುಗಳು ಸೇರಿ ಅರ್ಧ ಸೆಕೆಂಡನ್ನೂ ತೆಗೆದುಕೊಳ್ಳಲಿಲ್ಲ. ಒಂದು ಗುಂಪು 12.4 ಸೆಕೆಂಡು, ಇನ್ನೊಂದು 4.2 ಸೆಕೆಂಡು ತೆಗೆದುಕೊಂಡವು. ಮೊದಲನೆಯದು ಎಲ್ಲ ಖಾತೆಗಳ ಮೂಲ ಗುಂಪು, ಅದರ ಸದಸ್ಯರು ಸುಮಾರು 6,200. ಎರಡನೆಯದರಲ್ಲಿ ಸುಮಾರು 2,100 ಸದಸ್ಯರು. ಒಬ್ಬ ಸದಸ್ಯನಿಗೆ ಎರಡು ಮಿಲಿಸೆಕೆಂಡು ಎಂಬ ಲೆಕ್ಕ ಎರಡಕ್ಕೂ ಸರಿಹೊಂದಿದ್ದನ್ನು ಕಂಡಾಗ ಮುಂದಿನ ಹೆಜ್ಜೆ ಎಲ್ಲಿಗೆ ಎಂಬುದು ನಿಚ್ಚಳವಾಯಿತು.

ಡೈರೆಕ್ಟರಿ ಸರ್ವರನ್ನು ನೋಡಿಕೊಳ್ಳುವವರು ಮೊದಲಿನಿಂದಲೂ ತಮ್ಮ ಸರ್ವರ್ ಆರೋಗ್ಯವಾಗಿದೆ ಎನ್ನುತ್ತಿದ್ದರು. ಅವರ ಪಕ್ಕದಲ್ಲೇ ಕುಳಿತು ಪ್ರತಿ ಕೋರಿಕೆಯನ್ನೂ ಬರೆದಿಡುವ ಸ್ಟ್ಯಾಟ್ಸ್ ಮಟ್ಟದ ಲಾಗ್ ತೆರೆದಿಟ್ಟು, ಈ ಕಡೆ ಒಂದು ಯಂತ್ರದಿಂದ ಆ ದೊಡ್ಡ ಗುಂಪಿನ ಸಂಖ್ಯೆಯನ್ನು ಒಮ್ಮೆ, ಒಂದೇ ಸಲ, ಕೇಳಿದೆ. ಮೊದಲು ಜಿಐಡಿಯ ಮೇಲೆ ಒಂದು ಹುಡುಕಾಟದ ಸಾಲು ಬಂತು. ಅದರ ಬೆನ್ನಿಗೇ ಪರದೆ ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿತು: ಒಬ್ಬ ಬಳಕೆದಾರನ ಪೂರ್ಣ ಡಿಎನ್ (ಡೈರೆಕ್ಟರಿಯಲ್ಲಿನ ವಿಳಾಸ), ವ್ಯಾಪ್ತಿ ಸೊನ್ನೆ (ಆ ಒಂದು ದಾಖಲೆ ಮಾತ್ರ), ಸಿಕ್ಕ ದಾಖಲೆ ಒಂದು; ಮತ್ತೊಬ್ಬರದು, ವ್ಯಾಪ್ತಿ ಸೊನ್ನೆ, ದಾಖಲೆ ಒಂದು; ಮತ್ತೊಬ್ಬರದು. ಓದಲಾಗದ ವೇಗದಲ್ಲಿ ಹನ್ನೆರಡು ಸೆಕೆಂಡು ಹರಿದು ಥಟ್ಟನೆ ನಿಂತಿತು. ಎಣಿಸಿದರೆ ಆರು ಸಾವಿರಕ್ಕೂ ಹೆಚ್ಚು ಹುಡುಕಾಟಗಳು. ಒಂದೊಂದನ್ನೂ ಸರ್ವರ್ ಒಂದು ಮಿಲಿಸೆಕೆಂಡಿಗಿಂತ ಕಡಿಮೆಯಲ್ಲಿ ಮುಗಿಸಿತ್ತು. ಉಳಿದದ್ದು ಜಾಲದ ಮೇಲೆ ಹೋಗಿ ಬರುವ ಹೊತ್ತು ಮತ್ತು ಈ ಕಡೆಯ ನಿರ್ವಹಣೆ. ಅವರು ಹೇಳಿದ್ದು ನಿಜವಾಗಿತ್ತು, ನಾವು ಹೇಳಿದ್ದೂ ನಿಜವಾಗಿತ್ತು. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದನ್ನು ಲಾಗಿನಲ್ಲಿ ಕಣ್ಣಾರೆ ಕಂಡದ್ದು ನನಗೆ ಅದೇ ಮೊದಲು.

ಆರು ತಿಂಗಳ ಹಿಂದೆ ಇಲ್ಲದ್ದು ಈಗೇಕೆ

ಗುಂಪಿನ ಹೆಸರು ಕೇಳಿದರೆ ಸದಸ್ಯರೆಲ್ಲರನ್ನೂ ಹುಡುಕುವುದೇಕೆ? ಗ್ಲಿಬ್‌ಸಿಯ ಗುಂಪಿನ ದಾಖಲೆಯಲ್ಲಿ ಹೆಸರು ಮತ್ತು ಸಂಖ್ಯೆಯ ಜೊತೆಗೆ ಸದಸ್ಯರ ಪಟ್ಟಿಯೂ ಒಂದು ಭಾಗ. ಕೇಳಿದವರಿಗೆ ಹೆಸರಷ್ಟೇ ಬೇಕೆಂದು ಹೇಳುವ ದಾರಿ ಆ ಕರೆಯಲ್ಲಿಲ್ಲ. ಐಡಿ ಆದೇಶ ಆ ಪಟ್ಟಿಯನ್ನು ತಿರುಗಿಯೂ ನೋಡುವುದಿಲ್ಲ, ಆದರೂ ಎಸ್‌ಎಸ್‌ಎಸ್‌ಡಿ ಅದನ್ನು ತಯಾರಿಸಿಯೇ ಕೊಡಬೇಕು. ಯಾರೂ ಓದದ ಪಟ್ಟಿಗಾಗಿ ಹದಿನೇಳು ಸೆಕೆಂಡು ಹೋಗುತ್ತಿತ್ತು.

ಆ ಪಟ್ಟಿ ಹಿಂದೆಯೂ ಇತ್ತು. ಆದರೆ ಆಗ ಅದರ ಬೆಲೆ ಕಡಿಮೆಯಾಗಿತ್ತು. ಡೈರೆಕ್ಟರಿಯಲ್ಲಿ ಖಾತೆ, ಗುಂಪುಗಳನ್ನು ಬರೆಯುವ ರೀತಿಯನ್ನು ಹೇಳುವ 1998ರ ಆರ್‌ಎಫ್‌ಸಿ 2307ರ ಪ್ರಕಾರ ಗುಂಪಿನ ದಾಖಲೆಯಲ್ಲಿ ಸದಸ್ಯರ ಲಾಗಿನ್ ಹೆಸರುಗಳೇ ನೇರವಾಗಿ ಬರೆದಿರುತ್ತವೆ. ದಾಖಲೆ ಕೈಗೆ ಬಂದರೆ ಹೆಸರುಗಳೂ ಬಂದಂತೆ. ಅದರ ತಿದ್ದಿದ ರೂಪವಾದ 2307 ಬಿಸ್ ಸ್ಕೀಮಾದಲ್ಲಿ (ದಾಖಲೆಗಳ ವಿನ್ಯಾಸದಲ್ಲಿ) ಸದಸ್ಯರ ಜಾಗದಲ್ಲಿ ಹೆಸರಿನ ಬದಲು ಪೂರ್ಣ ಡಿಎನ್ ಇರುತ್ತದೆ. ಗುಂಪಿನೊಳಗೆ ಗುಂಪು ಇಡಲು ಅದು ಅನುಕೂಲ, ಮತ್ತು ನಾವು ಆರು ತಿಂಗಳ ಹಿಂದೆ ಆ ಅನುಕೂಲಕ್ಕಾಗಿಯೇ ಹಳೆಯದರಿಂದ ಹೊಸದಕ್ಕೆ ದಾಟಿದ್ದೆವು. ಆದರೆ ಡಿಎನ್ ಎಂಬುದು ವಿಳಾಸ. ಅಲ್ಲಿ ಇರುವುದು ಬಳಕೆದಾರನೋ ಇನ್ನೊಂದು ಗುಂಪೋ, ಬಳಕೆದಾರನಾದರೆ ಲಾಗಿನ್ ಹೆಸರೇನು ಎಂಬುದನ್ನು ಹೋಗಿ ನೋಡಿಯೇ ತಿಳಿಯಬೇಕು. ಡೈರೆಕ್ಟರಿ ಸರ್ವರಿನಲ್ಲಿ ಡಿರೆಫ್ ಸೌಲಭ್ಯ ಇದ್ದರೆ ಎಸ್‌ಎಸ್‌ಎಸ್‌ಡಿ ಇವನ್ನು ಒಟ್ಟಿಗೆ ಕೇಳಿ ಪಡೆಯಬಲ್ಲದು. ನಮ್ಮ ಸರ್ವರಿನಲ್ಲಿ ಆ ಓವರ್‌ಲೇ (ಸೇರ್ಪಡೆ) ಹಾಕಿರಲಿಲ್ಲ, ಆದ್ದರಿಂದ ಒಬ್ಬೊಬ್ಬರನ್ನೇ ಕೇಳುತ್ತಿತ್ತು. ಹೀಗೆ ಹುಡುಕಿದ ಸದಸ್ಯರು ಪೂರ್ಣ ಬಳಕೆದಾರರಾಗಿ ಕ್ಯಾಶಿಗೆ ಸೇರುವುದೂ ಇಲ್ಲ, ಹೆಸರಷ್ಟೇ ಗುಂಪಿನ ದಾಖಲೆಯೊಳಗೆ ಉಳಿಯುತ್ತದೆ. ಹಾಗಾಗಿ ಎರಡು ದೊಡ್ಡ ಗುಂಪುಗಳಲ್ಲಿಯೂ ಇರುವ ಒಬ್ಬರನ್ನು ಎರಡು ಸಲ ಹುಡುಕಲಾಗುತ್ತಿತ್ತು.

ಇದಕ್ಕೆ ದಾಟುವ ಹೊತ್ತಿನ ಒಂದು ಅಜಾಗರೂಕತೆಯೂ ಸೇರಿತ್ತು. ಒಬ್ಬರ ಮೂಲ ಗುಂಪು ಯಾವುದೆಂದು ಅವರ ಬಳಕೆದಾರ ದಾಖಲೆಯ ಜಿಐಡಿಯೇ ಹೇಳುತ್ತದೆ. ಅವರನ್ನು ಆ ಗುಂಪಿನ ಸದಸ್ಯರ ಪಟ್ಟಿಯಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ಹಳೆಯ ಡೈರೆಕ್ಟರಿಯಲ್ಲಿ ಆ ಗುಂಪಿನ ಪಟ್ಟಿ ಖಾಲಿಯಾಗಿಯೇ ಇತ್ತು. ಹೊಸ ಸ್ಕೀಮಾದಲ್ಲಿ ಗುಂಪು ಸಾಮಾನ್ಯವಾಗಿ ಗ್ರೂಪ್‌ಆಫ್‌ನೇಮ್ಸ್ ಎಂಬ ವರ್ಗದ್ದಾಗಿರುತ್ತದೆ, ಆ ವರ್ಗಕ್ಕೆ ಕನಿಷ್ಠ ಒಬ್ಬ ಸದಸ್ಯನಾದರೂ ಇರಲೇಬೇಕು. ಪರಿವರ್ತನೆಯ ಸ್ಕ್ರಿಪ್ಟ್ ಬರೆದವರು ಖಾಲಿ ಗುಂಪು ಎಂಬ ದೋಷದ ಸಂದೇಶವನ್ನು ಕಂಡು, ಒಬ್ಬರನ್ನು ಸೇರಿಸುವ ಬದಲು ಎಲ್ಲರನ್ನೂ ಸೇರಿಸಿಬಿಟ್ಟಿದ್ದರು. ಆ ಸ್ಕ್ರಿಪ್ಟ್ ಬರೆದದ್ದು ನಾನೇ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಖಾಲಿ ಫೈಲೊಂದರ ಕರಾಮತ್ತು

ಗುಂಪಿನ ಹೆಸರು ನಿಧಾನ ಎಂಬುದು ಸರಿ. ಟರ್ಮಿನಲ್ ತೆರೆದಾಗ ಗುಂಪಿನ ಹೆಸರನ್ನು ಕೇಳುತ್ತಿದ್ದವರು ಯಾರು, ಮತ್ತು ನನಗೇಕೆ ವಿಳಂಬ ಕಾಣಲಿಲ್ಲ ಎಂಬ ಪ್ರಶ್ನೆ ಉಳಿದಿತ್ತು. ಉಬುಂಟುವಿನಲ್ಲಿ ಎಲ್ಲ ಬಳಕೆದಾರರಿಗೂ ಅನ್ವಯವಾಗುವ, ಟರ್ಮಿನಲ್ಲಿನಲ್ಲಿ ಆದೇಶಗಳನ್ನು ಓದಿ ನಡೆಸುವ ಬ್ಯಾಶ್‌ನ ಆರಂಭದ ಫೈಲಿನಲ್ಲಿ ಒಂದು ಸೌಜನ್ಯದ ತುಣುಕಿದೆ: ಬಳಕೆದಾರ ಸುಡೊ ಅಥವಾ ಅಡ್ಮಿನ್ ಗುಂಪಿನಲ್ಲಿದ್ದರೆ, ಆಡಳಿತದ ಕೆಲಸಕ್ಕೆ ಸುಡೊ (ನಿರ್ವಾಹಕರ ಹಕ್ಕಿನಲ್ಲಿ ಆದೇಶ ನಡೆಸುವ ಸಾಧನ) ಬಳಸಿ ಎಂದು ಸೂಚನೆ ತೋರಿಸುವುದು ಅದರ ಕೆಲಸ. ಆ ಗುಂಪಿನಲ್ಲಿದ್ದಾರೆಯೇ ಎಂದು ತಿಳಿಯಲು ಅದು ಗ್ರೂಪ್ಸ್ ಆದೇಶವನ್ನು ನಡೆಸುತ್ತದೆ. ಗ್ರೂಪ್ಸ್ ಆದೇಶ ಕರ್ನೆಲ್ಲಿಗೆ ಆಗಲೇ ಗೊತ್ತಿರುವ ಸಂಖ್ಯೆಗಳನ್ನು ಪಡೆದು ಪ್ರತಿಯೊಂದಕ್ಕೂ ಹೆಸರು ಕೇಳುತ್ತದೆ. ಅಂದರೆ ನಮ್ಮಲ್ಲಿ ನಿಧಾನವಾಗಿದ್ದ ಆ ಒಂದೇ ಕೆಲಸವನ್ನು ಪ್ರತಿ ಟರ್ಮಿನಲ್ಲೂ, ಯಾರೂ ಕೇಳದಿದ್ದರೂ, ಮಾಡುತ್ತಿತ್ತು.

ಆದರೆ ಹೋಮ್ ಡೈರೆಕ್ಟರಿಯಲ್ಲಿ ‘ಸುಡೊ ಆ್ಯಸ್ ಅಡ್ಮಿನ್ ಸಕ್ಸೆಸ್‌ಫುಲ್’ ಎಂಬ ಗುಪ್ತ ಫೈಲ್ ಇದ್ದರೆ ಆ ತುಣುಕು ಮುಂದುವರಿಯುವುದಿಲ್ಲ. ಆಡಳಿತದ ಗುಂಪಿನವರು ಒಮ್ಮೆ ಸುಡೊ ಬಳಸಿದರೆ ಆ ಫೈಲ್ ಹುಟ್ಟುತ್ತದೆ. ಅದರೊಳಗೆ ಏನೂ ಇರುವುದಿಲ್ಲ, ಅದರ ಇರುವಿಕೆಯೇ ಗುರುತು. ನಾವು ನಾಲ್ವರು ನಿರ್ವಾಹಕರ ಹೋಮ್ ಡೈರೆಕ್ಟರಿಗಳಲ್ಲಿ ಅದು ವರ್ಷಗಳಿಂದ ಇತ್ತು, ಮತ್ತು ಹೋಮ್ ಡೈರೆಕ್ಟರಿ ಜಾಲದಿಂದ ಬರುತ್ತಿದ್ದುದರಿಂದ ಯಾವ ಯಂತ್ರಕ್ಕೆ ಹೋದರೂ ನಮ್ಮ ಹಿಂದೆಯೇ ಬರುತ್ತಿತ್ತು. ವಿಳಂಬವನ್ನು ಸರಿಪಡಿಸಬೇಕಾದ ನಾಲ್ವರನ್ನು ಮಾತ್ರ ಬಿಟ್ಟು ಉಳಿದೆಲ್ಲರನ್ನೂ ಅದು ಕಾಡುತ್ತಿತ್ತು.

ಸುಡೊ ಕೂಡ ಇದೇ ಕೆಲಸ ಮಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ಯಾರಿಗೆ ಆ ಹಕ್ಕಿದೆ ಎಂದು ಹೇಳುವ ಸುಡೊಯರ್ಸ್ ನಿಯಮಗಳಲ್ಲಿನ ಗುಂಪಿನ ಹೆಸರಿನೊಂದಿಗೆ ಹೋಲಿಸಲು ಅದು ಬಳಕೆದಾರನ ಎಲ್ಲ ಜಿಐಡಿಗಳಿಗೂ ಹೆಸರು ಕೇಳುತ್ತದೆ. ಮ್ಯಾಚ್ ಗ್ರೂಪ್ ಬೈ ಜಿಐಡಿ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಹೋಲಿಕೆ ಸಂಖ್ಯೆಗಳ ಮೇಲೆ ನಡೆಯುತ್ತದೆ. ಮೂಲ ತೊಂದರೆ ಸರಿಹೋದ ಮೇಲೆ ನಮಗೆ ಅದರ ಅಗತ್ಯ ಬೀಳಲಿಲ್ಲ.

ಪರಿಹಾರ, ಮತ್ತು ಅದು ಮುರಿದದ್ದು

ಎಸ್‌ಎಸ್‌ಎಸ್‌ಡಿಯ ಡೊಮೇನ್ ವಿಭಾಗದಲ್ಲಿ ಇಗ್ನೋರ್ ಗ್ರೂಪ್ ಮೆಂಬರ್ಸ್ ಎಂಬ ಆಯ್ಕೆ ಇದೆ. ಫೈಲಿನಲ್ಲಿ ಬರೆಯುವಾಗ ಮೂರು ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ. ಡಿಫಾಲ್ಟ್ ಆಗಿ ಅದು ಫಾಲ್ಸ್ ಆಗಿರುತ್ತದೆ. ಟ್ರೂ ಎಂದು ಬರೆದರೆ ಗುಂಪನ್ನು ಹುಡುಕುವಾಗ ಸದಸ್ಯರ ಪಟ್ಟಿಯನ್ನು ಸರ್ವರಿನಿಂದ ಕೇಳುವುದೇ ಇಲ್ಲ, ಉತ್ತರದಲ್ಲಿ ಗುಂಪು ಖಾಲಿಯಾಗಿ ಕಾಣುತ್ತದೆ. ಒಬ್ಬ ವ್ಯಕ್ತಿ ಯಾವ ಗುಂಪುಗಳಲ್ಲಿದ್ದಾರೆ ಎಂಬ ಎರಡನೆಯ ಬಗೆಯ ಪ್ರಶ್ನೆಗೆ ಇದರಿಂದ ಧಕ್ಕೆ ಇಲ್ಲ, ಏಕೆಂದರೆ ಅದು ಬೇರೆ ದಾರಿಯಲ್ಲಿ ಹೋಗುತ್ತದೆ. ಫೈಲಿನ ಅನುಮತಿ, ಲಾಗಿನ್ ನಿರ್ಬಂಧ ಎಲ್ಲವೂ ಆ ಉತ್ತರದ ಮೇಲೆಯೇ ನಿಂತಿವೆ. ಒಂದು ಯಂತ್ರದಲ್ಲಿ ಆಯ್ಕೆಯನ್ನು ಬದಲಿಸಿ, ಕ್ಯಾಶ್ ಹಳಸಿಸಿ, ಅದೇ ಖಾತೆಗೆ ಐಡಿ ಆದೇಶ ಕೊಟ್ಟಾಗ 17.2 ಸೆಕೆಂಡಿನ ಜಾಗದಲ್ಲಿ 0.6 ಸೆಕೆಂಡು ಹಿಡಿಯಿತು. ಹತ್ತೊಂಬತ್ತು ಗುಂಪುಗಳ ಹೆಸರುಗಳೂ ಸರಿಯಾಗಿದ್ದವು.

ಎಲ್ಲ ಯಂತ್ರಗಳಿಗೂ ಹರಡುವ ಮುನ್ನ, ಗುಂಪಿನ ಸದಸ್ಯರ ಪಟ್ಟಿಯನ್ನು ನಿಜವಾಗಿ ಓದುವವರು ಯಾರಿದ್ದಾರೆ ಎಂದು ಹುಡುಕುವುದರಲ್ಲಿ ಎರಡು ದಿನ ಕಳೆದೆವು, ಮತ್ತು ಆ ಎರಡು ದಿನ ದಂಡವಾಗಲಿಲ್ಲ. ಗೆಟೆಂಟ್ ಗ್ರೂಪ್ ಉತ್ತರದ ಕೊನೆಯ ಭಾಗವನ್ನು ಕತ್ತರಿಸಿ ತೆಗೆದುಕೊಳ್ಳುವ ನಾಲ್ಕು ಸ್ಕ್ರಿಪ್ಟುಗಳು ಸಿಕ್ಕವು. ಅವುಗಳಲ್ಲಿ ಒಂದು ಯೋಜನೆಯ ಸದಸ್ಯರಿಗೆ ಡಿಸ್ಕ್ ಕೋಟಾ ಹಂಚುತ್ತಿತ್ತು. ಗುಂಪು ಖಾಲಿಯಾಗಿ ಕಂಡಿದ್ದರೆ ಅದು ಯಾವ ದೋಷವನ್ನೂ ತೋರಿಸದೆ ಎಲ್ಲರ ಕೋಟಾವನ್ನೂ ತೆಗೆದುಹಾಕುತ್ತಿತ್ತು. ನಾಲ್ಕನ್ನೂ ಡೈರೆಕ್ಟರಿಯನ್ನೇ ನೇರವಾಗಿ ಕೇಳುವಂತೆ ತಿದ್ದಿದೆವು. ಚಿತ್ರಪರದೆಯಲ್ಲಿ ಪಾಸ್‌ವರ್ಡ್ ಕೇಳುವ ಪೋಲ್‌ಕಿಟ್ ಕೂಡ, ಆಡಳಿತಗಾರರು ಯಾರೆಂದು ತಿಳಿಯಲು ಗುಂಪಿನ ಸದಸ್ಯರ ಪಟ್ಟಿಯನ್ನೇ ಓದುತ್ತದೆ. ನಮ್ಮಲ್ಲಿ ಆ ಗುಂಪು ಪ್ರತಿ ಯಂತ್ರದ ಸ್ಥಳೀಯ ಫೈಲಿನಲ್ಲಿದ್ದುದರಿಂದ ಬಚಾವಾದೆವು.

ಡೈರೆಕ್ಟರಿಯ ಕಡೆಯಿಂದ ಮೂಲ ಗುಂಪಿನ ಪಟ್ಟಿಯನ್ನೂ ಸರಿಪಡಿಸಿದೆವು. ಆರು ಸಾವಿರ ಚಿಲ್ಲರೆ ಡಿಎನ್‌ಗಳನ್ನು ತೆಗೆದು, ಸ್ಕೀಮಾದ ನಿಯಮಕ್ಕಾಗಿ ಬಳಕೆಯಲ್ಲಿಲ್ಲದ ಒಂದು ಸೇವಾ ಖಾತೆಯನ್ನು ಮಾತ್ರ ಉಳಿಸಿದೆವು. ಇಗ್ನೋರ್ ಗ್ರೂಪ್ ಮೆಂಬರ್ಸ್ ಹಾಕಿದ ಮೇಲೆ ಇದರ ಅಗತ್ಯವಿರಲಿಲ್ಲ ಎಂದು ವಾದಿಸಬಹುದು. ಆದರೆ ಅದೇ ಡೈರೆಕ್ಟರಿಯನ್ನು ಎಸ್‌ಎಸ್‌ಎಸ್‌ಡಿ ಇಲ್ಲದ ಬೇರೆ ಸಾಧನಗಳೂ ಓದುತ್ತವೆ, ಅವುಗಳ ಸಂರಚನೆ ನಮ್ಮ ಕೈಯಲ್ಲಿಲ್ಲ.

ಉಳಿದ ಒಂದು ಯಂತ್ರ

ಎಲ್ಲೆಡೆ ವಿಳಂಬ ಹೋಯಿತು, ಒಂದನ್ನು ಬಿಟ್ಟು. ಹಳೆಯ ಕಡತಗಳ ಸಂಗ್ರಹವಿದ್ದ ಯಂತ್ರದಲ್ಲಿ ಒಂದು ನಿರ್ದಿಷ್ಟ ಫೋಲ್ಡರಿಗೆ, ಫೈಲುಗಳನ್ನು ಮಾಲೀಕರ ಹೆಸರಿನೊಂದಿಗೆ ಪಟ್ಟಿ ಮಾಡುವ ಎಲ್‌ಎಸ್ ಮೈನಸ್ ಎಲ್ ಆದೇಶ ಕೊಟ್ಟರೆ ಹತ್ತಾರು ಸೆಕೆಂಡು ಹಿಡಿಯುತ್ತಿತ್ತು. ಮೈನಸ್ ಎನ್ ಕೊಟ್ಟು ಸಂಖ್ಯೆಗಳನ್ನಷ್ಟೇ ತೋರಿಸು ಎಂದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಇಲ್ಲಿ ವಿಚಿತ್ರವೆಂದರೆ ಎರಡನೆಯ ಸಲ ಕೇಳಿದಾಗಲೂ, ಮೂರನೆಯ ಸಲ ಕೇಳಿದಾಗಲೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಕ್ಯಾಶ್ ಏನೂ ನೆರವಾಗುತ್ತಿರಲಿಲ್ಲ.

ಆ ಫೋಲ್ಡರಿನ ಫೈಲುಗಳ ಮಾಲೀಕರಲ್ಲಿ ಸುಮಾರು ಮುನ್ನೂರು ಯುಐಡಿಗಳಿಗೆ ಈಗ ಖಾತೆಗಳೇ ಇರಲಿಲ್ಲ. ಅವರೆಲ್ಲ ಬಿಟ್ಟುಹೋಗಿ ವರ್ಷಗಳಾಗಿದ್ದವು. ‘ಇಲ್ಲ’ ಎಂಬ ಉತ್ತರವನ್ನು ಎಸ್‌ಎಸ್‌ಎಸ್‌ಡಿ ನೆನಪಿಟ್ಟುಕೊಳ್ಳುವುದು ಡಿಫಾಲ್ಟ್ ಆಗಿ 15 ಸೆಕೆಂಡು ಮಾತ್ರ. ಪಟ್ಟಿ ಮುಗಿಯುವ ಹೊತ್ತಿಗೆ ಮೊದಲ ‘ಇಲ್ಲ’ಗಳು ಮರೆಯುವ ಅಂಚಿಗೆ ಬಂದಿರುತ್ತಿದ್ದವು, ಮುಂದಿನ ಸಲ ಮತ್ತೆ ಎಲ್ಲವನ್ನೂ ಸರ್ವರಿಗೇ ಕೇಳಬೇಕಾಗುತ್ತಿತ್ತು. ಒಂದು ಎಲ್‌ಎಸ್ ತನ್ನೊಳಗೆ ಒಂದು ಯುಐಡಿಯನ್ನು ಒಮ್ಮೆ ಮಾತ್ರ ಕೇಳುತ್ತದೆ, ಆದ್ದರಿಂದ ಫೈಲುಗಳು ಎಷ್ಟು ಸಾವಿರ ಎಂಬುದು ಮುಖ್ಯವಲ್ಲ, ಮಾಲೀಕರು ಎಷ್ಟು ಮಂದಿ ಎಂಬುದೇ ಮುಖ್ಯ. ಇದರ ಮೇಲೆ ಡೈರೆಕ್ಟರಿಯ ಲಾಗಿನಲ್ಲಿ ಇನ್ನೊಂದು ಸಾಲು ಪದೇ ಪದೇ ಕಾಣುತ್ತಿತ್ತು: ಯುಐಡಿ ನಂಬರ್ ಎಂಬ ಗುಣಕ್ಕೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲ. ಹೆಸರಿಗೆ, ಗುಂಪಿನ ಸಂಖ್ಯೆಗೆ, ಸದಸ್ಯರಿಗೆ ಇಂಡೆಕ್ಸ್ ಇತ್ತು, ಇದೊಂದನ್ನು ಬಿಟ್ಟಿದ್ದೆವು. ಹಾಗಾಗಿ ಇಲ್ಲದ ಒಬ್ಬರನ್ನು ಹುಡುಕಲು ಸರ್ವರ್ ಇರುವ ಎಲ್ಲರನ್ನೂ ಒಮ್ಮೆ ತಡಕುತ್ತಿತ್ತು.

ಇಂಡೆಕ್ಸ್ ಸೇರಿಸುವುದು ಸುಲಭವಾಗಿತ್ತು. ಸರ್ವರಿನ ಸಂರಚನೆ ನಡೆಯುತ್ತಿರುವಾಗಲೇ ಬದಲಿಸಬಹುದಾದ ಸಿಎನ್ ಕಾನ್ಫಿಗ್ ರೂಪದಲ್ಲಿದ್ದುದರಿಂದ ನಿಲ್ಲಿಸದೆಯೇ ಸೇರಿಸಿದೆವು, ಅದು ಹಿನ್ನೆಲೆಯಲ್ಲಿ ತಯಾರಾಯಿತು. ಇನ್ನೊಂದು ಬದಲಾವಣೆಗೆ ಸ್ವಲ್ಪ ಎಚ್ಚರ ಬೇಕಾಯಿತು. ಬಿಟ್ಟುಹೋದವರ ಯುಐಡಿಗಳೆಲ್ಲ ಹಳೆಯ ವ್ಯವಸ್ಥೆಯ ಕಾಲದವು, 10,000ಕ್ಕಿಂತ ಕೆಳಗಿನವು. ಈಗಿನ ಡೈರೆಕ್ಟರಿಯ ಸಂಖ್ಯೆಗಳು 10,000ದಿಂದ ಶುರುವಾಗುತ್ತವೆ. ಮಿನ್ ಐಡಿ ಎಂಬ ಆಯ್ಕೆಗೆ ಆ ಅಂಕಿಯನ್ನು ಕೊಟ್ಟರೆ ಅದಕ್ಕಿಂತ ಕೆಳಗಿನ ಸಂಖ್ಯೆಗಳಿಗಾಗಿ ಎಸ್‌ಎಸ್‌ಎಸ್‌ಡಿ ಸರ್ವರಿನವರೆಗೆ ಹೋಗುವುದೇ ಇಲ್ಲ. ಆದರೆ ಈ ಮಿತಿ ಗುಂಪುಗಳಿಗೂ ಅನ್ವಯಿಸುತ್ತದೆ, ಮಿತಿಯ ಹೊರಗಿನ ಗುಂಪು ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಹುಡುಕಿದಾಗ 512 ಎಂಬ ಜಿಐಡಿಯ ಒಂದು ಗುಂಪು ಇನ್ನೂ ಬಳಕೆಯಲ್ಲಿರುವುದು ಕಂಡಿತು. ಅದರ ಸಂಖ್ಯೆಯನ್ನು ಬದಲಿಸಿ, ಅದರ ಫೈಲುಗಳ ಗುಂಪನ್ನೂ ಬದಲಿಸಿದ ಮೇಲೆಯೇ ಮಿತಿಯನ್ನು ಹಾಕಿದೆವು. ಆ ಫೋಲ್ಡರಿನ ಪಟ್ಟಿ ಈಗ ಒಂದು ಸೆಕೆಂಡಿನೊಳಗೆ ಬರುತ್ತದೆ.

ನನ್ನ ಹೋಮ್ ಡೈರೆಕ್ಟರಿಯಲ್ಲಿದ್ದ ಆ ಖಾಲಿ ಫೈಲನ್ನು ಅಳಿಸಿದೆ. ಸುಡೊ ಬಳಸಿದ ಮೊದಲ ಸಲವೇ ಅದು ಮತ್ತೆ ಹುಟ್ಟಿಕೊಂಡಿತು. ಆದ್ದರಿಂದ ಸುಡೊ ಹಕ್ಕಿಲ್ಲದ, ಇಪ್ಪತ್ತು ಗುಂಪುಗಳಿಗೆ ಸೇರಿದ ಒಂದು ಪರೀಕ್ಷಾ ಖಾತೆಯನ್ನು ಮಾಡಿದ್ದೇವೆ. ಪ್ರತಿದಿನ ಬೆಳಿಗ್ಗೆ ಯಾರೂ ಬರುವ ಮುನ್ನ ಅದು ಮೂರು ಯಂತ್ರಗಳಲ್ಲಿ ಲಾಗಿನ್ ಆಗಿ, ಟರ್ಮಿನಲ್ ತೆರೆದು, ಪ್ರಾಂಪ್ಟ್ ಬರುವವರೆಗಿನ ಸಮಯವನ್ನು ಬರೆದಿಡುತ್ತದೆ. ದೂರು ಬಂದಾಗ ನಾವು ಈಗ ಮೊದಲು ತೆರೆಯುವುದು ಆ ಖಾತೆಯ ಅಂಕಿಗಳನ್ನು.